ಗಟ್ಟಿ ಹಾಸಿಗೆ ಅಂದ್ರೆ ಯಾರಿಗೆ ಗಟ್ಟಿ?

ಫಿಸಿಯೋಥೆರಪಿ ಮಾಡೋರ ಹತ್ರ ವ್ಯಾಯಾಮದ ಬಗ್ಗೆ ಕೇಳೋದಕ್ಕಿಂತ ಹಾಸಿಗೆ ಬಗ್ಗೆ ಕೇಳೋರೇ ಜಾಸ್ತಿ. ಕೇಳೋದಕ್ಕೆ ನನಗೇನೂ ಬೇಜಾರಿಲ್ಲ, ತಗೊಂಡು ಮನೆಗೆ ಹಾಕಿಸಿಕೊಂಡ ಮೇಲೆ ಬಂದು ಕೇಳ್ತಾರಲ್ಲ, ಅದಕ್ಕೆ ಬೇಜಾರು. ಅದೂ ಇಬ್ಬರು ಮಲಗೋ ಹಾಸಿಗೆನ ಒಬ್ಬರೇ ಹೋಗಿ ಆರಿಸಿರ್ತಾರೆ. ಅಂಗೈಯಲ್ಲಿ ಎರಡು ಸಲ ಒತ್ತಿ, ಅಂಚಲ್ಲಿ ಒಂದು ನಿಮಿಷ ಕೂತು, "ಒಳ್ಳೇ ಗಟ್ಟಿ ಇದೆ, ಬೆನ್ನಿಗೆ ಒಳ್ಳೇದು" ಅಂತ ಆರ್ಡರ್ ಕೊಟ್ಟುಬಿಡ್ತಾರೆ. ಆಮೇಲೆ ಪಕ್ಕದಲ್ಲಿ ಮಲಗೋರು ಭುಜ ಹಿಡ್ಕೊಂಡು ನನ್ನ ಮುಂದೆ ಬಂದು ಕೂರ್ತಾರೆ.

ಅಂಗೈಗೆ ಬೆನ್ನುಮೂಳೆ ಇಲ್ಲ ಕಣ್ರೀ, ಒತ್ತಿ ನೋಡಿದ್ರೆ ಏನು ಗೊತ್ತಾಗತ್ತೆ?

ಫೋಮಾ ಲೇಟೆಕ್ಸಾ ಸ್ಪ್ರಿಂಗಾ ಅನ್ನೋದು ಆಮೇಲಿನ ಮಾತು. ಎಷ್ಟು ಸಲ ಹೇಳಿದ್ರೂ ಜನರ ತಲೆಗೆ ಇಳಿಯದೆ ಇರೋದು ಒಂದೇ ವಿಷಯ: ಒಂದೇ ಹಾಸಿಗೆ ಇಬ್ಬರಿಗೆ ಒಂದೇ ಥರ ಗಟ್ಟಿ ಇರಲ್ಲ. ಹಾಸಿಗೆ ಮೇಲಿನ ಪದರ ಮೆತ್ತಗಿರತ್ತೆ, ಅದರ ಕೆಳಗೆ ಭಾರ ಹೊರೋ ಗಟ್ಟಿ ಭಾಗ ಇರತ್ತೆ. ತೂಕ ಜಾಸ್ತಿ ಇರೋರು ಮಲಗಿದ್ರೆ ಮೇಲಿನ ಪದರ ಪೂರ್ತಿ ಅದುಮಿಹೋಗಿ ದೇಹ ಕೆಳಗಿನ ಭಾಗಕ್ಕೆ ತಾಗತ್ತೆ, ಹಗೂರ ಇರೋರು ಅದೇ ಮೇಲ್ಪದರದ ಮೇಲೆ ಇಳಿಯದೆ ಹಾಗೇ ನಿಂತಿರ್ತಾರೆ. ಹಾಗಾಗಿ 90 ಕೆಜಿ ಇರೋರಿಗೆ ಮೀಡಿಯಂ ಅನ್ಸಿದ್ದು 50 ಕೆಜಿ ಇರೋರಿಗೆ ಹಲಗೆ ಥರ ಅನ್ಸತ್ತೆ, ಆ 50 ಕೆಜಿಯವರಿಗೆ ಹಿತ ಅನ್ಸಿದ್ರಲ್ಲಿ 90 ಕೆಜಿಯವರ ಸೊಂಟ ಹೂತುಹೋಗತ್ತೆ. ಲೇಬಲ್ ಮೇಲೆ ಫರ್ಮ್, ಮೀಡಿಯಂ ಅಂತ ಬರೆದಿರೋದು ನಿಮ್ಮ ತೂಕ ನೋಡಿ ಅಲ್ಲ, ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಫರ್ಮ್‌ಗೆ ಸಮ ಇರಬಹುದು. ಆರ್ಥೋ ಅನ್ನೋದೂ ಅಷ್ಟೇ, ಯಾವ ಡಾಕ್ಟರೂ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಅಂತ ತಿಳ್ಕೋಬೇಡಿ.

ತೂಕದ ಜೊತೆ ಮಲಗೋ ಭಂಗಿನೂ ನೋಡ್ಬೇಕು. ಮಗ್ಗುಲಾಗಿ ಮಲಗೋರಿಗೆ ಭುಜ ಮತ್ತೆ ಪಿರ್ರೆ ಸ್ವಲ್ಪ ಒಳಗೆ ಇಳಿಯಲೇಬೇಕು, ಇಳೀಲಿಲ್ಲ ಅಂದ್ರೆ ಸೊಂಟ ಗಾಳಿಯಲ್ಲಿ ಜೋತುಬೀಳತ್ತೆ, ಕೆಳಗಿನ ಕೈ ಜೋಮು ಹಿಡಿಯತ್ತೆ. ಹೊಟ್ಟೆ ಮೇಲೆ ಮಲಗೋರಿಗೆ ಉಲ್ಟಾ, ಮೆತ್ತಗಿದ್ರೆ ಸೊಂಟ ಕುಸಿದು ಬೆನ್ನು ಬಿಲ್ಲಿನ ಹಾಗೆ ಬಾಗತ್ತೆ. ಅಂಗಾತ ಮಲಗೋರು ಮಧ್ಯದಲ್ಲಿ ಎಲ್ಲೋ ಬರ್ತಾರೆ.

ಒಂದು ಜೋಡಿ ಬಂದಿದ್ರು. ಗಂಡ ದಪ್ಪ ಆಳು, ಅಂಗಾತ ಮಲಗಿದ್ರೆ ಬೆಳಗ್ಗೆವರೆಗೂ ಅಲ್ಲಾಡಲ್ವಂತೆ. ಹೆಂಡ್ತಿ ಸಣ್ಣ ಮೈಕಟ್ಟು, ಮಗ್ಗುಲಾಗೇ ಮಲಗೋದು, ರಾತ್ರಿ ಎದ್ದು ಎದ್ದು ಮಗ್ಗುಲು ಬದಲಾಯಿಸೋದು. "ಅದೇ ಹಾಸಿಗೆ ತಾನೇ ಮೇಡಂ, ನಂಗೇನೂ ಆಗಲ್ವಲ್ಲ" ಅಂತ ಅವರು ನಾಕು ಸಲ ಹೇಳಿದ್ರು, ಹೆಂಡ್ತಿಗೆ ಸುಮ್ನೆ ಅನುಮಾನದ ರೋಗ ಅನ್ನೋ ಧಾಟಿಯಲ್ಲಿ. ನಾನು ವಾದ ಮಾಡಲಿಲ್ಲ. ಪರೀಕ್ಷೆ ಟೇಬಲ್ ಮೇಲೆ ಒಂದು ಫೋಮ್ ತುಂಡು ಹಾಕಿ ಒಬ್ಬರಾದ ಮೇಲೆ ಒಬ್ಬರನ್ನ ಮಗ್ಗುಲಾಗಿ ಮಲಗಿಸಿ, ಅವರವರ ಮೊಬೈಲಲ್ಲೇ ಹಿಂದಿನಿಂದ ಫೋಟೋ ತೆಗೆದೆ. ಆಕೆಯ ಫೋಟೋದಲ್ಲಿ ಭುಜ ಕಿವಿ ಹತ್ರಕ್ಕೆ ಬಂದಿದೆ, ಸೊಂಟದ ಕೆಳಗೆ ನನ್ನ ಕೈ ಆರಾಮಾಗಿ ಆಚೆಗೆ ತೂರತ್ತೆ. ಇವರದ್ದರಲ್ಲಿ ಫೋಮ್ ಪಿರ್ರೆ ಕೆಳಗೆ ಚಪ್ಪಟೆ ಆಗಿಹೋಗಿದೆ. ಗಂಡ ಎರಡು ಫೋನೂ ಪಕ್ಕಪಕ್ಕ ಇಟ್ಟು ನೋಡಿ "ಇದು ಒಂದೇ ಫೋಮಾ?" ಅಂತ ಕೇಳಿದ್ರು. ಆಕೆ ಏನೂ ಮಾತಾಡಲಿಲ್ಲ, ಗಂಡನ ಫೋಟೋನ ತಮ್ಮ ಫೋನಿಗೂ ಕಳಿಸ್ಕೊಂಡ್ರು.

ಆ ಮನೇಲಿ ಹೊಸ ಹಾಸಿಗೆ ಬೇಕಾಗಲೇ ಇಲ್ಲ, ಆಕೆ ಮಲಗೋ ಅರ್ಧಕ್ಕೆ ಮಾತ್ರ ಎರಡು ಇಂಚಿನ ಮೆತ್ತನೆ ಟಾಪರ್ (ಹಾಸಿಗೆ ಮೇಲೆ ಹಾಸೋ ತೆಳು ಪದರ) ಹಾಕಿಸಿದ್ವಿ. ಮಧ್ಯದಲ್ಲಿ ಮೆಟ್ಟಿಲಾಗತ್ತೆ ಅಂತ ಗೊಣಗಿದ್ರು, ನಿಜ, ಆಗತ್ತೆ. ಬೇಡ ಅನ್ನೋರು ಒಂದೇ ಮಂಚದ ಮೇಲೆ ಒಂದೇ ದಪ್ಪದ ಎರಡು ಬೇರೆ ಬೇರೆ ಹಾಸಿಗೆ ಹಾಕಿ, ಮೇಲೆ ಒಂದೇ ಬೆಡ್‌ಶೀಟ್ ಬಿಗಿಯಾಗಿ ಹೊದಿಸಬಹುದು, ಜಿಪ್ ಹಾಕಿ ಕೂಡಿಸೋ ಹಾಸಿಗೆಗಳೂ ಇವೆ. ಇದನ್ನ ಹೇಳಿದಾಗ ಕೆಲವರ ಮುಖ ನೋಡ್ಬೇಕು, ನಾನೇನೋ ಡೈವೋರ್ಸ್ ತಗೊಳ್ಳಿ ಅಂದ ಹಾಗೆ. ಹಾಸಿಗೆ ಎರಡಾದ್ರೆ ಸಂಸಾರ ಎರಡಾಗಲ್ಲ. ತೂಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಇಬ್ಬರೂ ಒಂದೇ ಭಂಗಿಯಲ್ಲಿ ಮಲಗ್ತೀರ ಅಂದ್ರೆ ಈ ತಲೆನೋವೇ ಬೇಡ, ಒಂದೇ ತಗೊಳ್ಳಿ.

ಹಾಗಾದ್ರೆ ಗಟ್ಟಿ ಇದ್ರೆ ಬೆನ್ನಿಗೆ ಒಳ್ಳೇದು ಅನ್ನೋದು? 2003ರಲ್ಲಿ ಲಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್‌ನ ಕೊವಾಕ್ಸ್ ಮತ್ತು ಅವರ ಸಂಗಡಿಗರ ಒಂದು ಅಧ್ಯಯನ ಬಂತು. ಬಹಳ ದಿನದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದ್ರು, ಹೆಚ್ಚು ಸುಧಾರಿಸಿದ್ದು ಮಧ್ಯಮದಲ್ಲಿ ಮಲಗಿದೋರೇ. ಅದನ್ನ ಓದಿ "ಹಾಗಾದ್ರೆ ಎಲ್ಲರೂ ಮೀಡಿಯಂ ತಗೊಳ್ಳಿ" ಅಂತ ನಾನು ಹೇಳಲ್ಲ, ಯಾಕಂದ್ರೆ ಮತ್ತೆ ಅದೇ ಪ್ರಶ್ನೆ, ಯಾರ ಮೀಡಿಯಂ?

ಅಂಗಡಿಗೆ ಇಬ್ಬರೂ ಹೋಗಿ. ಇಬ್ಬರೂ ಒಟ್ಟಿಗೆ ಮಲಗಿ, ನಿಮ್ಮ ನಿಮ್ಮ ಭಂಗಿಯಲ್ಲಿ, ಕನಿಷ್ಠ ಹದಿನೈದು ನಿಮಿಷ, ನಾಚಿಕೆ ಬಿಟ್ಟು. ಮೆಮೊರಿ ಫೋಮ್ ಆದ್ರಂತೂ ಮೈ ಬಿಸಿಗೆ ನಿಧಾನವಾಗಿ ಮೆತ್ತಗಾಗೋ ವಸ್ತು ಅದು (1960ರ ದಶಕದಲ್ಲಿ ನಾಸಾಗೋಸ್ಕರ ಸೀಟಿನ ಕುಶನ್‌ಗೆ ಅಂತ ಹುಟ್ಟಿದ್ದು), ಎರಡೇ ನಿಮಿಷಕ್ಕೆ ತೀರ್ಪು ಕೊಡಬೇಡಿ. ಒಬ್ಬರು ಹೊರಳಿದಾಗ ಇನ್ನೊಬ್ಬರಿಗೆ ಎಷ್ಟು ಅಲುಗಾಡತ್ತೆ ನೋಡಿ. ಸ್ಪ್ರಿಂಗ್‌ಗಳೆಲ್ಲ ಒಂದಕ್ಕೊಂದು ಬಿಗಿದಿದ್ರೆ ಜಾಸ್ತಿ, ಒಂದೊಂದು ಸ್ಪ್ರಿಂಗೂ ಬೇರೆ ಬಟ್ಟೆ ಚೀಲದಲ್ಲಿರೋ ಪಾಕೆಟ್ ಸ್ಪ್ರಿಂಗ್‌ನಲ್ಲಿ ಕಡಿಮೆ. ಹಗೂರ ಇರೋರು ತಮಗೇ ಗೊತ್ತಿಲ್ಲದೆ ಮಧ್ಯಕ್ಕೆ ಜಾರ್ತಿದ್ರೆ ಅಥವಾ ಜಾರದ ಹಾಗೆ ಅಂಚು ಹಿಡ್ಕೊಂಡಿದ್ರೆ ಆ ಹಾಸಿಗೆ ಬಿಡಿ. ಡೆನ್ಸಿಟಿ ಜಾಸ್ತಿ ಅಂದ್ರೆ ಗಟ್ಟಿ ಅಂತ ಅಂಗಡಿಯವರು ಹೇಳಿದ್ರೆ ತಲೆ ಆಡಿಸಿ ಮುಂದೆ ಹೋಗಿ, ಡೆನ್ಸಿಟಿ ಅನ್ನೋದು ಒಂದು ಘನ ಮೀಟರಿಗೆ ಎಷ್ಟು ಕೆಜಿ ಅನ್ನೋ ಲೆಕ್ಕ, ಬಾಳಿಕೆಗೆ ಸಂಬಂಧ ಪಟ್ಟಿದ್ದು. ಅಗಲನೂ ಗಮನಿಸಿ, 54 ಇಂಚಿನ ಡಬಲ್‌ನಲ್ಲಿ ಇಬ್ಬರಿಗೆ ತಲಾ ಸಿಗೋದು 27 ಇಂಚು, ಅದು ಹೆಚ್ಚುಕಮ್ಮಿ ಮಗುವಿನ ಕ್ರಿಬ್ ಹಾಸಿಗೆಯ ಅಗಲ.

ದುಡ್ಡು ಹಾಕೋ ಮೊದಲು ಹಳೇ ಹಾಸಿಗೆನ ಎರಡು ಮೂರು ರಾತ್ರಿ ನೆಲದ ಮೇಲೆ ಹಾಕಿ ಮಲಗಿ ನೋಡಿ, ಹಾಸಿಗೆಯಲ್ಲಿ ಆಗ್ತಿದ್ದ ತಗ್ಗು ಮಾಯ ಆದ್ರೆ ತಪ್ಪು ಮಂಚದ ಹಲಗೆಯದ್ದು. ಇನ್ನೊಂದು, ನೋವು ಕಾಲಿಗೆ ಇಳೀತಿದ್ರೆ, ಮಲಗಿದಾಗಲೂ ಕಡಿಮೆ ಆಗದೆ ರಾತ್ರಿ ಹೆಚ್ಚಾಗ್ತಿದ್ರೆ, ಜ್ವರ ಇದ್ರೆ, ಕಾರಣ ಇಲ್ಲದೆ ತೂಕ ಇಳೀತಿದ್ರೆ ಹಾಸಿಗೆ ಅಂಗಡಿಗೆ ಹೋಗಬೇಡಿ, ಡಾಕ್ಟರ್ ಹತ್ರ ಹೋಗಿ. ಮೂತ್ರ ಹಿಡಿತ ತಪ್ಪಿದ್ರಂತೂ ಅವತ್ತೇ.

ಹೊಸ ಹಾಸಿಗೆಗೆ ಮೈ ಒಗ್ಗೋಕೆ ಎರಡು ಮೂರು ವಾರ ಬೇಕಾಗಬಹುದು, ಹಾಗಾಗಿ ಟ್ರಯಲ್ ಅವಧಿ ಎಷ್ಟು, ವಾಪಸ್ ಕೊಟ್ರೆ ಸಾಗಾಣಿಕೆ ಖರ್ಚು ಯಾರದ್ದು ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಟ್ಕೊಳ್ಳಿ, ಇಬ್ಬರಿಗೂ ಸರಿ ಅನ್ನಿಸೋವರೆಗೆ ಬಿಲ್ಲು, ಪ್ಯಾಕಿಂಗ್ ಕವರ್ ಎರಡೂ ಎಸೀಬೇಡಿ.