ಲಿಟ್ಲ್ ರಾಕ್, 4 ಸೆಪ್ಟೆಂಬರ್ 1957: ಒಂದು ಫೋಟೊವನ್ನು ಓದುವುದು ಹೇಗೆ

ಬಿಳಿ ಉಡುಪು ತೊಟ್ಟ ಕಪ್ಪು ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನಡೆಯುತ್ತಿದ್ದಾಳೆ. ಅವಳ ಹಿಂದೆ ಬಿಳಿಯ ಹುಡುಗಿಯೊಬ್ಬಳು ಬಾಯಿ ಅಗಲಿಸಿ ಕಿರುಚುತ್ತಿದ್ದಾಳೆ. ಅಮೆರಿಕದ ನಾಗರಿಕ ಹಕ್ಕು ಚಳವಳಿಯ ಪಾಠ ಬಂದಲ್ಲೆಲ್ಲ ಈ ಫೋಟೊ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ವಿವರಿಸಿ ಎಂದು ಕೇಳಿದರೆ ಉತ್ತರ ಬರೆಯುವುದು ಹೇಗೆಂದು ನೋಡೋಣ. ಮುಂದಿರುವವಳು ಎಲಿಜಬೆತ್ ಎಕ್‌ಫರ್ಡ್, ಹಿಂದಿರುವವಳು ಹೇಝಲ್ ಬ್ರಯಾನ್. ಇಬ್ಬರಿಗೂ ಆಗ 15 ವರ್ಷ. ಸ್ಥಳ ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಸೆಂಟ್ರಲ್ ಹೈಸ್ಕೂಲಿನ ಮುಂದಿನ ರಸ್ತೆ. ತೆಗೆದವರು ಆರ್ಕನ್ಸಾ ಡೆಮೊಕ್ರಾಟ್ ಪತ್ರಿಕೆಯ ವಿಲ್ ಕೌಂಟ್ಸ್.

ಇದನ್ನು ‘ಪ್ರತಿಭಟನೆಯ ಫೋಟೊ’ ಎಂದು ಬರೆದು ಮುಂದೆ ಸಾಗುವವರೇ ಹೆಚ್ಚು. ಇಲ್ಲಿ ಪ್ರತಿಭಟಿಸುತ್ತಿರುವವರು ಯಾರು? ಎಲಿಜಬೆತ್ ಘೋಷಣೆ ಕೂಗಲು ಬಂದವಳಲ್ಲ, ಭಿತ್ತಿಪತ್ರ ಹಿಡಿದವಳಲ್ಲ. ಬಿಳಿಯರ ಶಾಲೆಗೆ ಕಪ್ಪು ಮಕ್ಕಳನ್ನೂ ಸೇರಿಸಬೇಕೆಂಬ ನ್ಯಾಯಾಲಯದ ಆದೇಶದ ಬಲದ ಮೇಲೆ ಶಾಲೆಯ ಮೊದಲ ದಿನಕ್ಕೆ ಬಂದವಳು. ಪ್ರತಿಭಟನೆ ಹಿಂದಿನ ಗುಂಪಿನದು, ಅದೂ ಆ ಆದೇಶದ ವಿರುದ್ಧ. ಈ ಒಂದು ವಾಕ್ಯ ಸರಿಯಾಗಿ ಕೂತರೆ ಉತ್ತರದ ಅರ್ಧ ದಾರಿ ಸವೆದ ಹಾಗೆ.

ಮೊದಲು ಕಣ್ಣು, ಆಮೇಲೆ ಪುಸ್ತಕ

ಹಾಳೆಯನ್ನು ಮೂರು ಕಾಲಂ ಮಾಡಿ: ಫೋಟೊದಲ್ಲಿ ಕಾಣುವುದು, ಅದರಿಂದ ಊಹಿಸಿದ್ದು, ಹೊರಗಿನಿಂದ ತಿಳಿದದ್ದು. ಹಿನ್ನೆಲೆ ಓದುವ ಮೊದಲೇ ಐದು ನಿಮಿಷ ಬರೀ ಮೊದಲ ಕಾಲಂ ತುಂಬಿಸಿ. ಫೋಟೊವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ ಒಂದೊಂದನ್ನೇ ನೋಡಿ. ಹಾಗೆ ಮಾಡದಿದ್ದರೆ ಕಣ್ಣು ಆ ಎರಡು ಮುಖಗಳ ಮೇಲೆಯೇ ನಿಂತುಬಿಡುತ್ತದೆ. ಗುಂಪಿನಲ್ಲಿ ಹೆಂಗಸರೆಷ್ಟು, ಹದಿಹರೆಯದವರೆಷ್ಟು, ಯಾರು ಅವಳ ಕಡೆ ನೋಡುತ್ತಿದ್ದಾರೆ, ಯಾರು ಬೇರೆಲ್ಲೋ ನೋಡುತ್ತಿದ್ದಾರೆ ಎಂಬುದೆಲ್ಲ ತಪ್ಪಿಹೋಗುತ್ತದೆ.

‘ಅವಳ ಕಣ್ಣಲ್ಲಿ ಭಯ ಎದ್ದು ಕಾಣುತ್ತದೆ’ ಎಂಬ ವಾಕ್ಯ ಎಷ್ಟೋ ಉತ್ತರಗಳಲ್ಲಿ ಇರುತ್ತದೆ. ಎಲಿಜಬೆತ್ ತಂಪು ಕನ್ನಡಕ ಹಾಕಿದ್ದಾಳೆ, ಕಣ್ಣು ಕಾಣುವುದೇ ಇಲ್ಲ. ಕಾಣುವುದು ನೆಟ್ಟಗಿನ ಬೆನ್ನು, ಮುಚ್ಚಿದ ತುಟಿ, ಮುಂದಕ್ಕಿಟ್ಟ ಹೆಜ್ಜೆ. ಅದು ಧೈರ್ಯವೋ, ಹೆದರಿ ಮರಗಟ್ಟಿದ್ದೋ, ಎರಡೂ ಕೂಡಿಯೋ ಎಂಬುದು ಎರಡನೇ ಕಾಲಂಗೆ ಸೇರಿದ್ದು. ಹೇಝಲ್ ಏನೆಂದು ಕೂಗಿದಳು ಎಂಬುದೂ ಅಷ್ಟೇ. ಫೋಟೊಗೆ ಸದ್ದಿಲ್ಲ. ಕೂಗಿದ ಮಾತುಗಳು ನಮಗೆ ತಿಳಿದಿರುವುದು ಅಲ್ಲಿದ್ದವರ ಹೇಳಿಕೆ, ವರದಿಗಳಿಂದ. ಅದನ್ನು ಮೂರನೇ ಕಾಲಂಗೆ ಹಾಕಿ.

ಉಡುಪನ್ನು ಬಿಡಬೇಡಿ. ಅಂಚಿನಲ್ಲಿ ಚೌಕುಳಿ ಬಟ್ಟೆ ಸೇರಿಸಿದ ಆ ಬಿಳಿ ಉಡುಪು ಶಾಲೆಯ ಮೊದಲ ದಿನಕ್ಕೆಂದು ಮನೆಯಲ್ಲೇ ಹೊಲಿದದ್ದು. ಹೊಸ ಉಡುಪು ತೊಟ್ಟು ಬಂದವಳು ಪಾಠ ಕೇಳುವ ನಿರೀಕ್ಷೆಯಲ್ಲಿದ್ದಳೇ ಹೊರತು ಕದನಕ್ಕೆ ಸಜ್ಜಾಗಿ ಬಂದವಳಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಫೋಟೊದೊಳಗೆ ಇಲ್ಲ.

ಮುಖಗಳ ಹಿಂದೆ ಮರೆಯಾದ ಸರ್ಕಾರ

ಈ ಫೋಟೊದ ಶಕ್ತಿಯೇ ಅದರ ಅಪಾಯ. ಕಿರುಚುವ ಮುಖ ಎಷ್ಟು ಗಟ್ಟಿಯಾಗಿ ಮನಸ್ಸಿಗೆ ಅಂಟುತ್ತದೆ ಎಂದರೆ, ವರ್ಣದ್ವೇಷ ಎಂದರೆ ಕೆಟ್ಟ ಬಾಯಿಯ ಕೆಲವು ಜನರ ಸಿಟ್ಟು ಎಂದು ಅನ್ನಿಸಿಬಿಡುತ್ತದೆ. ಅಂದು ಎಲಿಜಬೆತ್‌ಳನ್ನು ಶಾಲೆಯೊಳಗೆ ಬಿಡದೆ ತಡೆದದ್ದು ಹೇಝಲ್ ಅಲ್ಲ. ರಾಜ್ಯ ಸರ್ಕಾರದ ಮುಖ್ಯಸ್ಥ, ಗವರ್ನರ್ ಆರ್ವಲ್ ಫಾಬಸ್ ಸೆಪ್ಟೆಂಬರ್ 2ರಂದು ಕರೆಸಿದ್ದ ರಾಜ್ಯದ ಮೀಸಲು ಸೇನೆಯಾದ ಆರ್ಕನ್ಸಾ ನ್ಯಾಷನಲ್ ಗಾರ್ಡ್‌ನ ಬಂದೂಕುಧಾರಿಗಳು. ಬಿಳಿಯ ವಿದ್ಯಾರ್ಥಿಗಳಿಗೆ ದಾರಿ ಬಿಟ್ಟ ಅವರು ಅವಳಿಗೆ ಅಡ್ಡ ನಿಂತರು. ಅವಳು ತಿರುಗಿ ಬಸ್ ನಿಲ್ದಾಣದ ಕಡೆ ನಡೆಯುವಾಗ ಗುಂಪು ಬೆನ್ನು ಹತ್ತಿತು. ಶಟರ್ ಬಿದ್ದದ್ದು ಆಗ. ಆದ್ದರಿಂದ ‘ಶಾಲೆಗೆ ಹೋಗುತ್ತಿರುವ ಎಲಿಜಬೆತ್’ ಎಂಬ ಅಡಿಬರಹ ಕಂಡರೆ ಎಚ್ಚರ: ಅವಳನ್ನು ಆಗಲೇ ಹಿಂದಕ್ಕೆ ಕಳಿಸಿಯಾಗಿತ್ತು. ಇಡೀ ಉತ್ತರವನ್ನು ಹೇಝಲ್‌ಳ ಮುಖದ ಮೇಲೆ ಕಟ್ಟಿದರೆ ಗವರ್ನರ್ ಸುಲಭವಾಗಿ ಜಾರಿಕೊಳ್ಳುತ್ತಾರೆ.

ಅವಳು ಒಬ್ಬಳೇ ಏಕೆ? ನೋಡಿದವರಿಗೆ ಇದು ಒಂಟಿ ವೀರಳ ಆಯ್ಕೆಯಂತೆ ತೋರುತ್ತದೆ. ನಿಜವಾದ ಕಾರಣ ಟೆಲಿಫೋನ್. ಆ ಶಾಲೆಗೆ ಸೇರಬೇಕಿದ್ದ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಪಾದ್ರಿಗಳ ಜೊತೆ ಒಟ್ಟಾಗಿ ಹೋಗಲಿ ಎಂದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ಡೈಸಿ ಬೇಟ್ಸ್ ಹಿಂದಿನ ರಾತ್ರಿ ಏರ್ಪಾಡು ಮಾಡಿ ಮನೆಗಳಿಗೆ ಸುದ್ದಿ ಮುಟ್ಟಿಸಿದರು. ಎಕ್‌ಫರ್ಡ್ ಕುಟುಂಬಕ್ಕೆ ಫೋನ್ ಇರಲಿಲ್ಲ, ಸುದ್ದಿ ತಲುಪಲಿಲ್ಲ. ಚೌಕಟ್ಟಿನಲ್ಲಿ ಕಾಣುವ ಒಂಟಿತನದ ಹಿಂದೆ ಒಂದು ಸಂಘಟನೆ ಇತ್ತು ಎಂಬುದನ್ನು ಬರೆಯದಿದ್ದರೆ ಚಳವಳಿ ಎಂಬ ಪದಕ್ಕೇ ಅರ್ಥ ಉಳಿಯುವುದಿಲ್ಲ.

ಕ್ಯಾಮೆರಾ ಎಲ್ಲಿತ್ತು

ಕೌಂಟ್ಸ್ ಅದೇ ಶಾಲೆಯಲ್ಲಿ ಓದಿದವರು, ಊರಿನವರು, ಬಿಳಿಯರು. ಆ ಕಾಲದ ಪತ್ರಿಕಾ ಛಾಯಾಗ್ರಾಹಕರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಒಂದೊಂದೇ ಹಾಳೆಯ ಫಿಲ್ಮ್ ಹಾಕಿ ತೆಗೆಯುವ ದೊಡ್ಡ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ. ಕೌಂಟ್ಸ್ ಬಳಿ ಇದ್ದದ್ದು 35 ಮಿಲಿಮೀಟರ್ ಫಿಲ್ಮಿನ ಸಣ್ಣ ಕ್ಯಾಮೆರಾ. ಒಂದು ರೋಲಿಗೆ 36 ಚಿತ್ರ. ಎಲಿಜಬೆತ್‌ಳ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಲೇ ಒಂದರ ಹಿಂದೊಂದು ಕ್ಲಿಕ್ಕಿಸಲು ಸಾಧ್ಯವಾದದ್ದು ಇದರಿಂದಲೇ. ನಾವು ನೋಡುತ್ತಿರುವುದು ಹಲವು ಕ್ಷಣಗಳಲ್ಲಿ ಆಯ್ದ ಒಂದನ್ನು. ಯುನೈಟೆಡ್ ಪ್ರೆಸ್‌ನ (ಸುದ್ದಿಸಂಸ್ಥೆ) ಜಾನಿ ಜೆಂಕಿನ್ಸ್ ಕೂಡ ಬಹುಮಟ್ಟಿಗೆ ಇದೇ ಕ್ಷಣವನ್ನು ತೆಗೆದಿದ್ದಾರೆ, ಎರಡನ್ನೂ ಅದಲುಬದಲು ಮಾಡಿ ಹೆಸರು ಹಾಕುವುದು ಸಾಮಾನ್ಯ. ಅಂಚು ಕತ್ತರಿಸಿದ ಪ್ರತಿಗಳೂ ಬೇಕಾದಷ್ಟಿವೆ. ಕೆಲವು ಪುಸ್ತಕಗಳಲ್ಲಿ ಎರಡು ಮುಖ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಸಿಕ್ಕಷ್ಟು ಅಗಲದ ಪ್ರತಿಯನ್ನೇ ಹುಡುಕಿ.

ಮುಂದೇನಾಯಿತು, ಫೋಟೊಗೆ ಅದರಲ್ಲಿ ಎಷ್ಟು ಪಾಲು

ಹಿಂದಿನ ದಾರಿ ಚಿಕ್ಕದಾಗಿ ಸಾಕು: ಅಮೆರಿಕದ ಸುಪ್ರೀಂ ಕೋರ್ಟಿನ 17 ಮೇ 1954ರ ಬ್ರೌನ್ ತೀರ್ಪು ಶಾಲೆಗಳ ವರ್ಣ ಪ್ರತ್ಯೇಕತೆ ಸಂವಿಧಾನಬಾಹಿರ ಎಂದಿತು. ಲಿಟ್ಲ್ ರಾಕ್ ಶಾಲಾ ಮಂಡಳಿ 1957ರಲ್ಲಿ ಹೈಸ್ಕೂಲಿನಿಂದ ಆರಂಭಿಸಿ ನಿಧಾನಕ್ಕೆ ಜಾರಿ ಮಾಡಲು ಒಪ್ಪಿತು.

ಮುಂದಿನ ದಾರಿಯಲ್ಲಿ ದಿನಾಂಕಗಳು ಮುಖ್ಯ. ಸೆಪ್ಟೆಂಬರ್ 20ರಂದು ಫೆಡರಲ್ ನ್ಯಾಯಾಧೀಶ ರೊನಾಲ್ಡ್ ಡೇವಿಸ್ ಆದೇಶ ಫಾಬಸ್ ವಿರುದ್ಧ ಬಂತು, ಗಾರ್ಡ್ ಹಿಂದೆ ಸರಿಯಿತು. 23ರಂದು ಒಂಬತ್ತೂ ಮಕ್ಕಳು ಒಳಹೊಕ್ಕರು. ಹೊರಗೆ ಗುಂಪು ಕೆರಳಿತು, ಕಪ್ಪು ಪತ್ರಕರ್ತ ಅಲೆಕ್ಸ್ ವಿಲ್ಸನ್ ಮೇಲೆ ಹಲ್ಲೆಯಾಯಿತು, ಮಕ್ಕಳನ್ನು ಮಧ್ಯಾಹ್ನದೊಳಗೆ ಹೊರಗೆ ಸಾಗಿಸಬೇಕಾಯಿತು. 24ರಂದು ಅಧ್ಯಕ್ಷ ಐಸೆನ್‌ಹೋವರ್ 101ನೇ ವಾಯುಗಾಮಿ ಡಿವಿಷನ್ನಿನ ಸೈನಿಕರನ್ನು ಕಳಿಸಿದರು. 25ರಂದು ಮಕ್ಕಳು ಸೈನಿಕರ ಕಾವಲಿನಲ್ಲಿ ತರಗತಿಗೆ ಹೋದರು.

‘ಈ ಫೋಟೊ ನೋಡಿ ಐಸೆನ್‌ಹೋವರ್ ಸೈನ್ಯ ಕಳಿಸಿದರು’ ಎಂದು ಬರೆದರೆ ಅಂಕ ಹೋಗುತ್ತದೆ, ಹೋಗಲೂಬೇಕು. ನಡುವೆ ಇಪ್ಪತ್ತು ದಿನ, ಒಂದು ನ್ಯಾಯಾಲಯದ ಆದೇಶ, ಒಂದು ಗಲಭೆ ಇವೆ. ಫೋಟೊಗಳ ಪಾಲು ಬೇರೆ ಬಗೆಯದು: ಶೀತಲ ಸಮರದ ನಡುವೆ ಅಮೆರಿಕದ ಮಾನವನ್ನು ಜಗತ್ತಿನ ಮುಂದೆ ಹರಾಜು ಹಾಕಿದವು. ಅಮೆರಿಕದ ಶತ್ರುಗಳು ಇದನ್ನು ಕಂಡು ಹಿಗ್ಗುತ್ತಿದ್ದಾರೆ ಎಂದು 24ರ ಭಾಷಣದಲ್ಲಿ ಐಸೆನ್‌ಹೋವರ್ ಅವರೇ ಹೇಳಿದರು.

ಸೈನ್ಯ ಬಂತು, ಸಮಸ್ಯೆ ಮುಗಿಯಿತು ಎಂಬ ಮುಕ್ತಾಯವೂ ಬೇಡ. 1958–59ರಲ್ಲಿ ಊರಿನ ಸಾರ್ವಜನಿಕ ಹೈಸ್ಕೂಲುಗಳನ್ನೇ ಮುಚ್ಚಲಾಯಿತು. 1997ರಲ್ಲಿ ಎಲಿಜಬೆತ್ ಮತ್ತು ಹೇಝಲ್ ಅದೇ ಶಾಲೆಯ ಮುಂದೆ ಜೊತೆಯಾಗಿ ನಿಂತ ಫೋಟೊವನ್ನು ಕೌಂಟ್ಸ್ ಅವರೇ ತೆಗೆದರು. ಹೇಝಲ್ ಹಲವು ವರ್ಷ ಮೊದಲೇ ಕ್ಷಮೆ ಕೇಳಿದ್ದರು. ಈ ಎರಡನೇ ಫೋಟೊವನ್ನು ಸುಖಾಂತ್ಯವಾಗಿ ಬಳಸುವವರಿಗೆ ತಿಳಿದಿರಲಿ: ಆಮೇಲೆ ಇಬ್ಬರ ನಡುವೆ ಬೆಳೆದ ಸ್ನೇಹ ಮುಂದೆ ಮುರಿದುಬಿತ್ತು.

ಜಾತಿಯ ಹೋಲಿಕೆ ನಮ್ಮ ವಿದ್ಯಾರ್ಥಿಗಳಿಗೆ ಸಹಜವಾಗಿ ಹೊಳೆಯುತ್ತದೆ. ತಪ್ಪಲ್ಲ, ಆದರೆ ವಿವರಣೆಯೊಳಗೆ ಬೆರೆಸಬೇಡಿ. ಕೊನೆಗೆ ಬೇರೆ ಪ್ಯಾರಾದಲ್ಲಿ ಬರಲಿ, ಸಾಮ್ಯದ ಜೊತೆ ವ್ಯತ್ಯಾಸವನ್ನೂ ಒಂದಾದರೂ ಹೇಳಿ.

ಅಭ್ಯಾಸಕ್ಕೆ ಇನ್ನೊಂದು

ಇದೇ ಮೂರು ಕಾಲಂ ಇಟ್ಟುಕೊಂಡು ಎಪಿ ಸುದ್ದಿಸಂಸ್ಥೆಯ ಬಿಲ್ ಹಡ್ಸನ್ 3 ಮೇ 1963ರಂದು ವರ್ಣ ಪ್ರತ್ಯೇಕತೆಯ ವಿರುದ್ಧದ ಮೆರವಣಿಗೆಯ ವೇಳೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ತೆಗೆದ ಫೋಟೊ ನೋಡಿ. ಪೊಲೀಸನೊಬ್ಬ ಕಪ್ಪು ಹುಡುಗನ ಸ್ವೆಟರ್ ಹಿಡಿದಿದ್ದಾನೆ, ನಾಯಿ ಹೊಟ್ಟೆಯ ಕಡೆ ಎಗರಿದೆ. ಅಡಿಬರಹಗಳು ಅವನನ್ನು ಶಾಂತವಾಗಿ ಮೈಯೊಡ್ಡಿದ ಅಹಿಂಸಾ ಸತ್ಯಾಗ್ರಹಿ ಎನ್ನುತ್ತವೆ. ಅವನ ಕಾಲು ನೋಡಿ: ಮೊಣಕಾಲು ನಾಯಿಯ ಎದೆಗೆ ತಾಗುವಂತೆ ಮೇಲೆದ್ದಿದೆ. ಅವನು ಮೆರವಣಿಗೆಯವನೇ ಅಲ್ಲ, ನೋಡಲು ನಿಂತಿದ್ದವನು. ಲಿಟ್ಲ್ ರಾಕ್‌ನಲ್ಲಿ ಶಾಲೆಗೆ ಬಂದವಳನ್ನು ಪ್ರತಿಭಟನಕಾರಳನ್ನಾಗಿ ಮಾಡಿದರೆ, ಇಲ್ಲಿ ನಿಂತು ನೋಡುತ್ತಿದ್ದವನನ್ನು ಪ್ರತಿಭಟನಕಾರನನ್ನಾಗಿ ಮಾಡುತ್ತಾರೆ. ಹಿಂದಿನ ದಿನದಿಂದ ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳು ನಿಜವಾಗಿಯೂ ಬೀದಿಗಿಳಿದಿದ್ದರು. ಅವರ ವಿಷಯಕ್ಕೆ ಈ ಫೋಟೊ ಸಾಲದು, ಅದೇ ವಾರದ ಬೇರೆ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.

250 ಪದದ ಉತ್ತರವಾದರೆ ಹಂಚಿಕೆ ಹೀಗಿರಲಿ: ಕಾಣುವುದಕ್ಕೆ 60, ಹಿನ್ನೆಲೆಗೆ 90, ಛಾಯಾಗ್ರಾಹಕ ಮತ್ತು ಚೌಕಟ್ಟಿನ ಮಿತಿಗೆ 70, ಪರಿಣಾಮಕ್ಕೆ ಉಳಿದದ್ದು. ಸಮಯ ಸಾಲದಿದ್ದರೆ ಹಿನ್ನೆಲೆಯಲ್ಲಿ ಕಡಿತ ಮಾಡಿ, ಚೌಕಟ್ಟಿನ ಮಿತಿಯಲ್ಲಿ ಬೇಡ.