ಬಿಸಿಲು ತಿಂದ ಡಯಲ್ ಯಾವುದು, ಬಣ್ಣ ಬಳಿದಿದ್ದು ಯಾವುದು

ನಮ್ಮಪ್ಪನ ಎಚ್‌ಎಂಟಿ ಪೈಲಟ್ ವಾಚಿನ ಡಯಲ್ ಒಂದು ಕಾಲಕ್ಕ ಕಪ್ಪಗಿತ್ತು ಅಂದ್ರ ಈಗ ನೋಡಿದವ್ರು ಯಾರೂ ನಂಬಂಗಿಲ್ಲ, ಹಳೇ ಬೆಲ್ಲದ ಬಣ್ಣಕ್ಕ ಬಂದದ ಅದು. ಸಿಂಧನೂರು ಕಡೆ ಭತ್ತದ ಗದ್ದಿಯಾಗ ವರ್ಷಗಟ್ಲೆ ಅಪ್ಪನ ಕೈಮ್ಯಾಗಿದ್ದ ವಾಚು, ಮುಂಜಾನಿಂದ ಸಂಜಿ ತನ ಬಿಸಿಲುಂಡದ. ಹೋದ ತಿಂಗಳು ರಾಯಚೂರಿನ ತೀನ್ ಕಂದೀಲ್ ಹತ್ರ ಒಬ್ರು ರಿಪೇರಿಯವ್ರಿಗೆ ತೋರಿಸ್ದಾಗ "ಹೊಸಾ ಡಯಲ್ ಕುಂದರ್ಸಿ ಕೊಡ್ತೀನಿ ಬಿಡ್ರಿ, ಫಳಫಳ ಅಂತದ" ಅಂದ್ರು. ಬ್ಯಾಡ್ರಿ, ಬರೇ ಆಯಿಲ್ ಹಾಕಿ ಕೊಡ್ರಿ ಅಂದೆ. ಆ ಕಂದು ಬಣ್ಣ ಅಳಿಸಿದ್ರ ವಾಚಿನ ಅರ್ಧ ಚರಿತ್ರೆನೇ ಹೋಗ್ತದ.

ಬಣ್ಣ ಹೋಗೋದು ಕಾವಿಗೆ ಅಂತ ಎಲ್ರೂ ಅನ್ಕೊಂತಾರ, ನಮ್ಮೂರ ಬಿಸಿಲು ಹಂಗೇ ಇರೋದ್ರಿಂದ ತಪ್ಪಂತನೂ ಹೇಳಕ್ಕಾಗಂಗಿಲ್ಲ, ಆದ್ರ ಮುಖ್ಯ ಕೆಲಸ ಮಾಡೋದು ಬೆಳಕು. ಬೆಳಕು ಸಣ್ಣ ಸಣ್ಣ ಕಣಗಳಾಗಿ ಬರ್ತದ, ಅದ್ರಾಗ 350 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಣಕ್ಕ 700 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಕಣಕ್ಕಿಂತ ಎರಡು ಪಟ್ಟು ಶಕ್ತಿ ಇರ್ತದ. ಅಷ್ಟು ಶಕ್ತಿ ಇದ್ರ ಬಣ್ಣದ ಅಣುವಿನೊಳಗಿನ ಕೊಂಡಿ ಕಡಿಯಕ್ಕ ಸಾಕು. ಕಡಿದ ತುದಿಗೆ ಗಾಳಿಯಾಗಿನ ಆಕ್ಸಿಜನ್ ಬಂದು ಕೂಡ್ತದ, ಅಣು ಬ್ಯಾರೆನೇ ಆಗ್ತದ, ಮೊದಲಿನ ಬಣ್ಣ ತೋರ್ಸಂಗಿಲ್ಲ. ಕಾವು ಇದ್ರ ಈ ಆಟ ಇನ್ನೂ ಜೋರಾಗ್ತದ ಅಷ್ಟೇ. ಮಾಳಿಗಿ ಮ್ಯಾಲ ಒಣಹಾಕಿದ ಕೆಂಪು ಟವಲ್ ಒಂದೇ ಮಗ್ಗಲು ಬೆಳ್ಳಗಾಗಿರ್ತದಲ್ಲ, ಅದೂ ಇದೇ. ಡಯಲ್ ಮ್ಯಾಲ ಹೊಡೆದ ವಾರ್ನಿಷ್ ಪದರಾನೂ ವಯಸ್ಸಾದಂಗ ಹಳದಿಗೆ ತಿರುಗ್ತದ, ಹಿಂಗ ಎರಡೂ ಸೇರಿ ಕಪ್ಪು ಕಂದಾಗ್ತದ. ಎಲ್ಲಾ ಕರಿ ಡಯಲ್ ಹಿಂಗಾಗಂಗಿಲ್ಲ ಮತ್ತ, ಇಂಗಾಲದ ಮಸಿಯಿಂದ ಮಾಡಿದ ಕಪ್ಪು ಬಿಸಿಲಿಗೆ ಜಗ್ಗಂಗಿಲ್ಲ. ಕಂದಾದ ಇಂಥವನ್ನ ವಾಚು ಕೂಡಿಡೋ ಮಂದಿ ಟ್ರಾಪಿಕಲ್ ಡಯಲ್ ಅಂತಾರ, ಹಳೇ ಸ್ವಿಸ್ ವಾಚಿನಾಗ ಸಿಕ್ರ ರೊಕ್ಕ ಜಾಸ್ತಿ ಕೊಡ್ತಾರ.

ರೊಕ್ಕ ಬಂದಲ್ಲಿ ನಕಲೂ ಬರ್ತದ. ಅದನ್ನ ಹಿಡಿಯೋ ದಾರಿ ನಂಗ ಭಾಳ ಇಷ್ಟ, ಯಾಕಂದ್ರ ಅದು ಬರೀ ನೆರಳಿನ ಲೆಕ್ಕ. ಡಯಲ್‌ನ ಅಂಚು ಸುತ್ತಲೂ ಕೇಸಿನ ಕೆಳಗ ಚೂರು ಮುಚ್ಚಿರ್ತದ, ಅಲ್ಲಿಗೆ ಬೆಳಕು ಹೋಗಂಗಿಲ್ಲ. ಖರೇ ಬಿಸಿಲಿಗೆ ಹೋದ ಡಯಲ್ ಬಿಚ್ಚಿದ್ರ ಅಂಚಿನಾಗ ಮೊದಲಿನ ಬಣ್ಣದ ಸಣ್ಣ ಬಳಿ ಹಂಗೇ ಉಳಿದಿರ್ತದ. ಬೇಕಂತನೇ ಓವನ್ನಿನಾಗ ಇಟ್ಟು ಸುಟ್ಟಿದ್ದಾದ್ರ ಅಂಚೂ ಕಂದಾಗಿರ್ತದ, ಬೆಳಕು ಹೋಗದ ಜಾಗಕ್ಕೂ ಕಾವು ಹೋಗ್ತದಲ್ಲ. ಹೊಸಾ ಬಣ್ಣ ಬಳಿದಿದ್ದು ಅಂಚು ನಡು ಎಲ್ಲಾ ಒಂದೇ ಥರ ಇರ್ತದ, ವಾಚಿನವ್ರು ಕಣ್ಣಿಗೆ ಸಿಗಿಸ್ಕೊಳ್ಳೋ ಭೂತಗನ್ನಡಿ, ಅಂದ್ರ ಐ ಗ್ಲಾಸ್, ಹಚ್ಚಿ ನೋಡಿದ್ರ ಅಕ್ಷರ ದಪ್ಪ ದಪ್ಪ, ನಿಮಿಷದ ಗೆರಿ ಗಂಟೆ ಗುರ್ತಿಗೆ ಸರಿಯಾಗಿ ಕೂಡಿರಂಗಿಲ್ಲ. ಇನ್ನ ಚಾವಿ ಇರೋ ಮಗ್ಗಲಿಂದ ಶುರುವಾಗಿ ಕಲಿ ಹಬ್ಬಿದ್ರ ಅದು ನೀರು ಹೊಕ್ಕಿದ್ದು, ಬಿಸಿಲಲ್ಲ.

ಮುಳ್ಳಿನ ನೆರಳನ್ನಂತೂ ತಪ್ಪದೇ ನೋಡ್ರಿ. ಓಡೋ ವಾಚಿನಾಗ ಮುಳ್ಳು ತಿರುಗ್ತಾನೇ ಇರೋದ್ರಿಂದ ಡಯಲ್ ಮ್ಯಾಲ ಗುರ್ತು ಬೀಳಂಗಿಲ್ಲ. ನಿಂತ ವಾಚು ವರ್ಷಾನುಗಟ್ಲೆ ಬೆಳಕಿನಾಗಿದ್ರ ಮಾತ್ರ ಮುಳ್ಳಿನ ಕೆಳಗಿನ ಜಾಗ ಹಳೇ ಬಣ್ಣದಾಗೇ ಉಳಿತದ. ಆ ನೆರಳು 10 ಗಂಟೆ 10 ನಿಮಿಷ ತೋರ್ಸಿದ್ರ ಅದು ಅಂಗಡಿ ಶೋಕೇಸಿನಾಗ ಕುಂತಿದ್ದ ವಾಚಿರಬೇಕು, ವಾಚಿನಂಗಡ್ಯಾಗ ಮುಳ್ಳು ಹಂಗೇ ಇಟ್ಟಿರ್ತಾರ. ತಾರೀಖು ಇರೋ ವಾಚಾದ್ರ ಚಕ್ರ ಪೂರ್ತಿ ತಿರುಗಿಸಿ ನೋಡ್ರಿ, 31ರಾಗ ಒಂದೇ ಒಂದು ಅಂಕಿ ಹಳದಿಯಾಗಿದ್ರ ವಾಚು ನಿಂತು, ಡಯಲ್ ಮ್ಯಾಲಿನ ತಾರೀಖಿನ ಕಿಟಕಿಗೆ ಅದೊಂದೇ ಮುಖ ಕೊಟ್ಟು ಕುಂತಿತ್ತು ಅಂತ ಅರ್ಥ.

ಇದಕ್ಕ ಉಲ್ಟಾ ಗುರ್ತೂ ಒಂದದ. ಮುಳ್ಳಿನಾಕಾರದಾಗೇ ಡಯಲ್ ಸುಟ್ಟಂಗ ಕಂದಾಗಿ, ಸುತ್ತಲಿನ ಜಾಗ ಛಲೋ ಇದ್ರ ಅದು ಬಿಸಿಲಲ್ಲ, ಕತ್ತಲಾಗ ಹೊಳೀಲಿ ಅಂತ ಮುಳ್ಳಿಗೆ ಹಚ್ಚಿದ, ವಿಕಿರಣ ಸೂಸೋ ರೇಡಿಯಂ. ಹಳೇ ಮಿಲಿಟರಿ ವಾಚು, ಸ್ವಿಸ್ ವಾಚಿನಾಗ ಇದು ಸಿಗ್ತದ. ಕತ್ತಲಾಗ ಹೊಳೆಯಂಗಿಲ್ಲ ಅಂದ ಮಾತ್ರಕ್ಕ ರೇಡಿಯಂ ಸತ್ತದ ಅನ್ಕೋಬ್ಯಾಡ್ರಿ, ಸತ್ತಿದ್ದು ಅದ್ರ ಜೊತಿಗಿದ್ದು ವಿಕಿರಣಕ್ಕ ಹೊಳೆಯೋ ಝಿಂಕ್ ಸಲ್ಫೈಡ್, ರೇಡಿಯಂ ಅರ್ಧ ಆಗಕ್ಕೇ ಸುಮಾರು 1600 ವರ್ಷ ಬೇಕು. ಅಂಥ ವಾಚು ಮನ್ಯಾಗ ಬಿಚ್ಚಿ ಕೆರೆಯೋದು ಬ್ಯಾಡೇ ಬ್ಯಾಡ, ಆ ಪುಡಿ ಉಸಿರಾಗ ಹೋಗಬಾರದು.

ನಮ್ಮ ಕಡೆ ಜಾಸ್ತಿ ಸಿಗೋದು ಎಚ್‌ಎಂಟಿನೇ. 1961ರಾಗ ಜಪಾನಿನ ಸಿಟಿಜನ್ ಕಂಪನಿ ಜೊತಿ ಸೇರಿ ಬೆಂಗಳೂರಾಗ ಶುರುವಾಗಿದ್ದು, 2016ರಾಗ ಬಾಗಿಲು ಹಾಕಿದ್ದು, ಅದಾದ ಮ್ಯಾಲ ಹಸಿರು ಕೆಂಪು ಗುಲಾಬಿ ಡಯಲ್ ಬಳಿದು ಮಾರೋದು ಭಾಳ ಆಗ್ಯದ. ಡಯಲ್ ಮ್ಯಾಲಿನ ಹೆಸರು ಅಳಿಸಿ ಹೋಗಿದ್ರ ಹಿಂದಿನ ಮುಚ್ಚಳ ಬಿಚ್ಚಿಸಿ ಮಷಿನ್ ಮ್ಯಾಲಿನ ನಂಬರ್ ಓದ್ರಿ, ಜನತಾ, ಪೈಲಟ್ ವಾಚಿನಾಗ ಹೆಚ್ಚಾಗಿ 0231 ಅಂತ ಇರ್ತದ.

ಅಪ್ಪನ ವಾಚು ನನ್ನ ಮುಂದನೇ ಬಿಚ್ಚಿದ್ರು. ಅಂಚಿನಾಗ ಕಾಡಿಗಿ ತೀಡಿದಂಗ ಕರೀ ಬಳಿ ಸುತ್ತಲೂ ಕೂಡಿತ್ತು. ಮುಳ್ಳಿನ ನೆರಳು ಹುಡುಕಿದ್ವಿ, ಎಲ್ಲೂ ಇರ್ಲಿಲ್ಲ. ಅಪ್ಪ ದಿನಾ ಮುಂಜಾನಿ ಚಾ ಕುಡಿಯಾಕ ಕುಂತಾಗ ಚಾವಿ ಕೊಡ್ತಿದ್ದ.