ನಿಂತರೆ ಎದೆ ಡವಡವ

ಮಲಗಿದ್ದವರು ಎದ್ದು ನಿಂತರೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಹೊಟ್ಟೆಗೆ, ತೊಡೆಗೆ, ಕಾಲಿಗೆ ಇಳಿಯುತ್ತದೆ. ನಿಮಗೂ ಇಳಿಯುತ್ತದೆ, ನನಗೂ ಇಳಿಯುತ್ತದೆ. ಆದರೆ ಗೊತ್ತಾಗುವುದಿಲ್ಲ. ಕತ್ತಿನ ದೊಡ್ಡ ರಕ್ತನಾಳದಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯ ತಿರುವಿನಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಚೂರು ತಗ್ಗಿದರೂ ಅವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಕೂಡಲೇ ಹೊಟ್ಟೆಯ, ಕಾಲಿನ ರಕ್ತನಾಳಗಳು ಬಿಗಿಯಾಗುತ್ತವೆ. ಹೃದಯ ನಿಮಿಷಕ್ಕೆ ಹತ್ತಿಪ್ಪತ್ತು ಸಲ ಜಾಸ್ತಿ ಬಡಿಯುತ್ತದೆ. ಕೆಲವೇ ಸೆಕೆಂಡುಗಳ ಕೆಲಸ ಇದು.

ಇದನ್ನೆಲ್ಲ ನಮ್ಮ ಅಪ್ಪಣೆಗೆ ಕಾಯದೆ ನಡೆಸುವುದು ಅಟೊನೊಮಿಕ್ ನರಮಂಡಲ. ಬೆವರು, ಜೀರ್ಣ, ಮೂತ್ರ, ಮೈಬಿಸಿ ಕೂಡ ಅದರ ಪಾಲಿಗೇ ಸೇರಿವೆ. ಅದು ತಪ್ಪುಹೆಜ್ಜೆ ಇಟ್ಟರೆ ಬರುವ ತೊಂದರೆಗಳಿಗೆಲ್ಲ ಸೇರಿಸಿ ಡಿಸ್‌ಆಟೊನೋಮಿಯಾ ಎನ್ನುತ್ತಾರೆ. ಇದು ಒಂದೇ ಕಾಯಿಲೆಯಲ್ಲ. ಕೆಲವರಿಗೆ ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಕುಸಿಯುತ್ತದೆ. ಕೆಲವರಿಗೆ ರಕ್ತ ಕಂಡರೆ, ತುಂಬ ಹೊತ್ತು ನಿಂತರೆ ಹೃದಯ ಇದ್ದಕ್ಕಿದ್ದಂತೆ ನಿಧಾನವಾಗಿ ಎಚ್ಚರ ತಪ್ಪುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಬೀಳುವುದು ಹೆಚ್ಚಾಗಿ ಹೀಗೇ. ಮೂರನೆಯದು ಪಾಸ್ಚುರಲ್ ಆರ್ಥೋಸ್ಟ್ಯಾಟಿಕ್ ಟ್ಯಾಕಿಕಾರ್ಡಿಯಾ ಸಿಂಡ್ರೋಮ್, ಅಂದರೆ ನಿಂತಾಗ ಬಡಿತ ಏರುವ ತೊಂದರೆ. ವೈದ್ಯರು ಚಿಕ್ಕದಾಗಿ ಪಾಟ್ಸ್ ಎನ್ನುತ್ತಾರೆ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 1993ರಲ್ಲಿ ಅದಕ್ಕೆ ಆ ಹೆಸರು ಕೊಟ್ಟರು. ಅದರಲ್ಲಿ ಬಿಪಿ ಅಷ್ಟಾಗಿ ಬೀಳುವುದಿಲ್ಲ. ಆದರೆ ನಿಂತ ಹತ್ತು ನಿಮಿಷದೊಳಗೆ ಬಡಿತ 30 ಅಥವಾ ಅದಕ್ಕಿಂತ ಜಾಸ್ತಿ ಏರುತ್ತದೆ. 12ರಿಂದ 19 ವಯಸ್ಸಿನವರಲ್ಲಿ ಲೆಕ್ಕ 40. ಜೊತೆಗೆ ತಲೆಸುತ್ತು, ಕಣ್ಣು ಕತ್ತಲೆ, ಕೈ ನಡುಕ, ವಿಪರೀತ ಸುಸ್ತು ಮೂರು ತಿಂಗಳಾದರೂ ಇರಬೇಕು. ಇದು ಬರುವುದು ಹೆಚ್ಚಾಗಿ ಹದಿಹರೆಯದ ಹುಡುಗಿಯರಿಗೆ ಮತ್ತು ಯೌವನದ ಹೆಂಗಸರಿಗೆ. ಕೋವಿಡ್ ಆದಮೇಲೆ ಶುರುವಾದವರೂ ಬಹಳ ಜನ.

ನನ್ನ ತಂಗಿಗೆ ಇರುವುದು ಈ ಪಾಟ್ಸ್. ಮೊದಲು ಎಲ್ಲರೂ ಪಿತ್ತ ಎಂದರು. ಆಮೇಲೆ ಗ್ಯಾಸ್. ಆಮೇಲೆ ಟೆನ್ಷನ್. ನೆಂಟರೊಬ್ಬರು ಮದುವೆ ಮಾಡಿ ಸರಿಹೋಗುತ್ತೆ ಎಂದೂ ಹೇಳಿದರು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಎಕೋ ಮಾಡಿದರು. ಎಲ್ಲ ನಾರ್ಮಲ್. ಯಾಕೆ ನಾರ್ಮಲ್ ಬಂತು ಹೇಳಿ? ಎರಡನ್ನೂ ಮಲಗಿಸಿಯೇ ಮಾಡುತ್ತಾರೆ. ತೊಂದರೆ ಇರುವುದು ನಿಂತಾಗ.

ಮನೆಯ ಸಂಪ್‌ನಲ್ಲಿ ನೀರು ತಳ ಮುಟ್ಟಿದಾಗ ಮೋಟರ್ ಎಷ್ಟು ಓಡಿದರೂ ಮೇಲಿನ ಟ್ಯಾಂಕ್ ತುಂಬುವುದಿಲ್ಲ, ಮೋಟರ್ ಬಿಚ್ಚಿ ನೋಡಿದರೆ ಅದು ಸರಿಯಾಗಿಯೇ ಇರುತ್ತದೆ. ಪಾಟ್ಸ್‌ನಲ್ಲಿ ಹೃದಯದ ಕಥೆಯೂ ಸಾಮಾನ್ಯವಾಗಿ ಅಷ್ಟೇ. ರಕ್ತ ಕೆಳಗೆ ನಿಂತುಬಿಟ್ಟು ವಾಪಸ್ ಬರುವುದು ಕಮ್ಮಿ. ಒಂದೊಂದು ಬಡಿತಕ್ಕೂ ಹೊರಗೆ ಹೋಗುವುದು ಕಮ್ಮಿ. ಅದನ್ನು ಸರಿದೂಗಿಸಲು ಹೃದಯ ಓಡುತ್ತದೆ. ಹಾಗೆ ಓಡಿಸುವ ರಾಸಾಯನಿಕವೇ ಭಯವಾದಾಗಲೂ ಮೈಯಲ್ಲಿ ಏರುವಂಥದ್ದು. ಹಾಗಾಗಿ ಕೈ ನಡುಗುತ್ತದೆ, ಬೆವರುತ್ತದೆ, ನೋಡಿದವರಿಗೆ ಗಾಬರಿ ಎನಿಸುತ್ತದೆ. ಆದರೆ ಗಾಬರಿಗೆ ಮಲಗಿದ್ದೂ ಒಂದೇ, ನಿಂತಿದ್ದೂ ಒಂದೇ. ಪಾಟ್ಸ್ ಇದ್ದವರಿಗೆ ಮಲಗಿದ ಸ್ವಲ್ಪ ಹೊತ್ತಿನಲ್ಲೇ ಹಾಯೆನಿಸುತ್ತದೆ. ಇಷ್ಟು ಗಮನಿಸಿದ್ದರೆ ಎಷ್ಟೋ ಹುಡುಗಿಯರು ವರ್ಷಗಟ್ಟಲೆ ಬೈಗುಳ ತಿನ್ನುವುದು ತಪ್ಪುತ್ತಿತ್ತು. ನನಗೆ ಇದರ ಬಗ್ಗೆ ನಿಜವಾಗಿ ಸಂಕಟವಿದೆ.

ಮನೆಯಲ್ಲೇ ನೋಡಬಹುದು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಕಪಾಟಿನಲ್ಲಿ ಬಿದ್ದಿರುತ್ತೆ ಅಲ್ವಾ, ಅದು ನಾಡಿಬಡಿತವನ್ನೂ ತೋರಿಸುತ್ತದೆ. ಐದು ಹತ್ತು ನಿಮಿಷ ಸುಮ್ನೆ ಮಲಗಿ, ಬಡಿತ ಬರೆದುಕೊಳ್ಳಿ. ಆಮೇಲೆ ಎದ್ದು ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ಗೋಡೆಯಿಂದ ಅರ್ಧ ಅಡಿ ಮುಂದಿಟ್ಟು, ಅಲುಗಾಡದೆ ಹತ್ತು ನಿಮಿಷ ನಿಲ್ಲಿ. ನಿಮಿಷಕ್ಕೊಮ್ಮೆ ಬರೆಯಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ನಾಸಾದ ಹೆಸರಿನಲ್ಲೇ ಬಳಕೆಯಲ್ಲಿರುವ ಪರೀಕ್ಷೆ ಇದು. ಬಾಹ್ಯಾಕಾಶದಿಂದ ಇಳಿದವರಿಗೂ ಮೈಯಲ್ಲಿ ರಕ್ತದ ಪ್ರಮಾಣ ಕಮ್ಮಿಯಾಗಿ ನಿಲ್ಲುವುದೇ ಕಷ್ಟವಾಗುತ್ತದೆ. ತಂಗಿಗೆ ಮಲಗಿದ್ದಾಗ 72 ಇದ್ದದ್ದು ನಿಂತಮೇಲೆ 118 ಆಗಿತ್ತು. ಆ ಚೀಟಿ ಹಿಡಿದು ಹೋದಮೇಲೆಯೇ ವೈದ್ಯರು ಬೇರೆ ದಿಕ್ಕಿನಲ್ಲಿ ಯೋಚಿಸಿದರು.

ಆದರೆ ಬಡಿತ ಏರಿದ ತಕ್ಷಣ ಪಾಟ್ಸ್ ಎಂದುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್, ನೀರಿನ ಕೊರತೆ ಇದ್ದರೂ ಹೀಗೇ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ನೋಡಿಸುವುದು ಮೊದಲ ಕೆಲಸ. ಆಮೇಲೆ ಟಿಲ್ಟ್ ಟೇಬಲ್ ಪರೀಕ್ಷೆ: ಪಟ್ಟಿ ಕಟ್ಟಿ ಮಲಗಿಸಿ, ಹಲಗೆಯನ್ನು 60-70 ಡಿಗ್ರಿ ಎತ್ತಿ ಬಿಪಿ, ಬಡಿತ ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ನರಗಳ ಪರೀಕ್ಷೆಗೆಂದೇ ಪ್ರಯೋಗಾಲಯ ಇದೆ.

ಇನ್ನು ದಿನದ ಬದುಕು. ಈ ಊರು ನಮ್ಮನ್ನು ತುಂಬ ನಿಲ್ಲಿಸುತ್ತದೆ. ದರ್ಶಿನಿಯಲ್ಲಿ ತಿಂಡಿ ನಿಂತೇ ತಿನ್ನಬೇಕು. ಊಟವಾದಮೇಲೆ ರಕ್ತ ಕರುಳಿನ ಕಡೆ ಹರಿಯುತ್ತದೆ. ಮಸಾಲೆ ದೋಸೆ, ಬಿಸಿ ಕಾಫಿ, ಅಡುಗೆಮನೆಯ ಶಾಖ, ಜೊತೆಗೆ ನಿಲ್ಲುವುದು, ನಾಲ್ಕೂ ಒಟ್ಟಿಗೆ ಬಂದರೆ ತಂಗಿಗೆ ಕಣ್ಣು ಕತ್ತಲೆ ಖಂಡಿತ. ಅವಳೀಗ ಕೂತು ತಿನ್ನುವ ಹೋಟೆಲಿಗೇ ಹೋಗುತ್ತಾಳೆ, ಸ್ವಲ್ಪ ಸ್ವಲ್ಪವೇ ತಿನ್ನುತ್ತಾಳೆ. ಬಿಸಿನೀರಿನ ಸ್ನಾನ ಇನ್ನೊಂದು ಗಂಡಾಂತರ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಹಿಂದಿನವರು ಮಣೆ ಮೇಲೆ ಕೂತು ಚೊಂಬಿನಲ್ಲಿ ಸುರಿದುಕೊಳ್ಳುತ್ತಿದ್ದರು. ಅದೇ ಕ್ಷೇಮ. ಷವರ್ ಕೆಳಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿದರೂ ಸಾಕು. ದೀಪಾವಳಿಯ ಎಣ್ಣೆಸ್ನಾನದ ದಿನ ನೀರು ಉಗುರುಬೆಚ್ಚಗಿರಲಿ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸುವಾಗ ನಡೆಯುವುದು ಅವಳಿಗೆ ಅಷ್ಟು ಕಷ್ಟವಲ್ಲ. ಪ್ಲಾಟ್‌ಫಾರಂನಲ್ಲಿ ಅಲುಗಾಡದೆ ಕಾಯುವುದು ಕಷ್ಟ. ನಡೆಯುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ, ಸುಮ್ನೆ ನಿಂತರೆ ಹಿಂಡುವುದಿಲ್ಲ. ಹಾಗಾಗಿ ಸಾಲಿನಲ್ಲಿ ನಿಂತಾಗ ಕಾಲಿಗೆ ಕಾಲು ಹೆಣೆದು ತೊಡೆ, ಪಿರ್ರೆ ಬಿಗಿಹಿಡಿಯಬೇಕು, ಮುಷ್ಟಿ ಗಟ್ಟಿ ಮಾಡಬೇಕು. ತಲೆ ಹಗುರಾದರೆ ನಾಚಿಕೆ ಬಿಟ್ಟು ಅಲ್ಲೇ ಕೂರಬೇಕು. ಕಾಲಿಗೆ ಹಾಕುವ ಬಿಗಿ ಸ್ಟಾಕಿಂಗ್ಸ್ ಸೊಂಟದವರೆಗೆ ಬಂದರೆ ಹೆಚ್ಚು ಉಪಯೋಗ, ಯಾಕೆಂದರೆ ರಕ್ತ ಹೊಟ್ಟೆಯಲ್ಲೂ ಬಹಳ ನಿಲ್ಲುತ್ತದೆ. ಬೆಳಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಎರಡು ಲೋಟ ನೀರು ಕುಡಿದು, ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳುತ್ತಾಳೆ.

ಉಪ್ಪಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಗೊಂದಲವಿತ್ತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ತಿನ್ನಿ ಎನ್ನುತ್ತದೆ. ಅಪ್ಪನಿಗೆ ಬಿಪಿ, ಅವರಿಗೆ ಅದೇ ಸರಿ. ಪಾಟ್ಸ್ ಇದ್ದವರಿಗೆ ವೈದ್ಯರು ಅದರ ಎರಡರಷ್ಟು ಹೇಳುವುದುಂಟು, ಜೊತೆಗೆ ಎರಡು ಮೂರು ಲೀಟರ್ ನೀರು. ನೀರನ್ನು ರಕ್ತನಾಳದಲ್ಲಿ ಹಿಡಿದಿಡುವುದು ಉಪ್ಪು. ಈಗ ಸಾರು ಎಲ್ಲರಿಗೂ ಸಪ್ಪೆಯೇ. ತಂಗಿಯ ತಟ್ಟೆಗೆ ಉಪ್ಪಿನಕಾಯಿ, ಅವಳ ನೀರು ಮಜ್ಜಿಗೆಗೆ ಬೇರೆ ಉಪ್ಪು. ಬಿಪಿ ಜಾಸ್ತಿ ಇದ್ದವರು, ಮೂತ್ರಪಿಂಡದ ಅಥವಾ ಹೃದಯ ಸೋತ ತೊಂದರೆ ಇದ್ದವರು ಇದನ್ನು ಮಾಡಲೇಬಾರದು. ವೈದ್ಯರು ಹೇಳದೆ ಯಾರೂ ಮಾಡಬಾರದು.

ಮಾತ್ರೆಗಳೂ ಇವೆ. ಪ್ರೊಪ್ರನೊಲಾಲ್, ಐವಾಬ್ರಡಿನ್ ಬಡಿತ ತಗ್ಗಿಸುತ್ತವೆ, ಮಿಡೋಡ್ರಿನ್ ರಕ್ತನಾಳ ಬಿಗಿ ಮಾಡುತ್ತದೆ. ಆದರೆ ನನಗೆ ವ್ಯಾಯಾಮದ ಮೇಲೆ ಹೆಚ್ಚು ನಂಬಿಕೆ. ಸುಸ್ತೆಂದು ಮಲಗಿಯೇ ಇದ್ದರೆ ರಕ್ತದ ಪ್ರಮಾಣ ಇನ್ನೂ ಇಳಿಯುತ್ತದೆ. ಹಾಗೆಂದು ಪಾರ್ಕಿನಲ್ಲಿ ಓಡು ಎಂದರೆ ಆಗುವುದಿಲ್ಲ. ಮಲಗಿಯೇ ಕಾಲೆತ್ತುವುದು, ಒರಗಿ ತುಳಿಯುವ ಸೈಕಲ್, ಈಜು, ಇಲ್ಲಿಂದ ಶುರುಮಾಡಿ ತಿಂಗಳುಗಟ್ಟಲೆ ನಿಧಾನವಾಗಿ ಏರಬೇಕು. ಮೊದಲ ವಾರಗಳಲ್ಲಿ ಸುಸ್ತು ಹೆಚ್ಚೇ ಆಗುತ್ತದೆ. ಮನೆಯವರು ಬೆನ್ನಿಗಿರಬೇಕಾದ ಕಾಲ ಅದು.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಓಡುವಾಗ, ಮೆಟ್ಟಿಲು ಹತ್ತುವಾಗ, ಮಲಗಿದ್ದಾಗ ಎಚ್ಚರ ತಪ್ಪಿದರೆ, ವಿಪರೀತ ಜೋರು ಬಡಿತ ಸ್ವಿಚ್ ಹಾಕಿದಂತೆ ಶುರುವಾಗಿ, ಸ್ವಿಚ್ ಆರಿಸಿದಂತೆ ತಗ್ಗಿದರೆ, ಮನೆಯಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡಿದ್ದರೆ, ನೇರವಾಗಿ ಹೃದಯತಜ್ಞರ ಹತ್ತಿರ ಹೋಗಿ. ಅದು ಹೃದಯದ್ದೇ ತೊಂದರೆ ಇರಬಹುದು.

ವಯಸ್ಸಾದವರದು ಬೇರೆ ಬಗೆ. ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಈ ನರಗಳನ್ನು ನಿಧಾನವಾಗಿ ಹಾಳುಮಾಡುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಹೃದಯಾಘಾತವಾದರೂ ಎದೆನೋವು ಗೊತ್ತಾಗದಿರುವುದಕ್ಕೆ ಇದೂ ಒಂದು ಕಾರಣ. ಮಲಗಿದಾಗ ಬಿಪಿ ಜಾಸ್ತಿ, ನಿಂತಾಗ ಕಮ್ಮಿ, ಹೀಗೂ ಆಗುತ್ತದೆ. ಬಿಪಿಯ, ಪ್ರಾಸ್ಟೇಟ್‌ನ ಕೆಲವು ಮಾತ್ರೆಗಳು ನಿಂತಾಗಿನ ಬಿಪಿಯನ್ನು ಇನ್ನೂ ಇಳಿಸುತ್ತವೆ. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಇದು ಇರಬಹುದು. ಅಜ್ಜಿಯನ್ನೋ ಅಪ್ಪನನ್ನೋ ಮುಂದಿನ ಸಲ ತೋರಿಸಲು ಕರೆದೊಯ್ದಾಗ, ಕೂರಿಸಿ ಬಿಪಿ ನೋಡಿದಮೇಲೆ ನಿಲ್ಲಿಸಿಯೂ ಒಮ್ಮೆ ನೋಡಲು ಕೇಳಿ. ಮೂರು ನಿಮಿಷ ಹಿಡಿಯುತ್ತದೆ.